ಪರೇಲಿಗೆ ಹೋಗುವ ಶನಿವಾರ

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಒಂದು ಗಳಿಗೆ ಮಲಗುವುದು ಮುಂಬಯಿಯಲ್ಲಿ ದುಡಿಯುವವನ ಜನ್ಮಸಿದ್ಧ ಹಕ್ಕೆಂದು ಎಲ್ಲರೂ ಒಪ್ಪುತ್ತಾರೆ. ಆ ಹಕ್ಕನ್ನು ಬಿಟ್ಟುಕೊಟ್ಟು, ಎರಡು ಗಂಟೆಯ ಬಿಸಿಲಿನಲ್ಲಿ ಸಾಂತಾಕ್ರೂಜ್ ಸ್ಟೇಶನ್ನಿನ ಪೂರ್ವದ ಕಡೆಯ ಟಿಕೇಟು ಕಿಟಕಿಯ ಮುಂದೆ ನಾವು ಕೆಲವರು ಕೂಡುವುದನ್ನು ಕಂಡ ಪರಿಚಯದವರು, “ಏನು, ಎಲ್ಲಿಯಾದರೂ ಮದುವೆಯೋ?” ಎಂದು ವಿಚಾರಿಸುವುದುಂಟು. ಮದುವೆಯಲ್ಲ. ನಾವು ಪ್ರಭಾದೇವಿಯಲ್ಲಿ ಇಳಿದು, ಮೇಲುಸೇತುವೆ ದಾಟಿ ಪರೇಲಿಗೆ ಹೋಗುತ್ತೇವೆ. ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳು ತಂದೆತಾಯಿಗಳೊಡನೆ ಇಳಿದುಕೊಂಡಿರುವ ಒಂದು ವಸತಿಗೃಹ ಅಲ್ಲಿದೆ. ವಾರಕ್ಕೆ ಮೂರು ಗಂಟೆಗಳ ಕಾಲ ಆ ಮಕ್ಕಳೊಡನೆ ಇದ್ದು ಬರುವುದು ನಮ್ಮ ಕೆಲಸ.

ನಮ್ಮ ಗುಂಪೇನೂ ದೊಡ್ಡದಲ್ಲ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ರಾತ್ರಿ ಶಾಲೆಯಲ್ಲಿ ಬಹುಕಾಲ ಕನ್ನಡ ಕಲಿಸಿದ ಮೇಷ್ಟ್ರೊಬ್ಬರು, ವಾಕೋಲದ ಇಬ್ಬರು ಗೃಹಿಣಿಯರು, ಕಾಲೇಜಿನಲ್ಲಿ ಓದುವ ಮೂವರು. ಇದರ ವಿಷಯವಾಗಿ ಬರೆದುಕೊಡಿರೆಂದು ಸಂಪಾದಕರು ಕೇಳಿದಾಗ ಮೊದಲು ಸಂಕೋಚವಾಯಿತು. ನಮ್ಮ ಹಿರಿಮೆಯನ್ನು ನಾವೇ ಹಾಡಿಕೊಂಡಂತಾದೀತೆಂಬ ಭಯ. ಆದರೆ ನಾವು ಮಾಡಿದ ತಪ್ಪುಗಳ ಪಟ್ಟಿ ಸಾಕಷ್ಟು ಉದ್ದವಾಗಿದೆ. ಅದನ್ನು ಬರೆದರೆ ಮುಂದೆ ಬರುವವರಿಗಾದರೂ ಉಪಯೋಗವಾದೀತೆಂದು ಒಪ್ಪಿಕೊಂಡೆವು.

ಮೈಸೂರಿನಲ್ಲಿ ಬೆಳೆದ ಹೆಣ್ಣುಮಗಳು

ಮೊದಲು ಆ ಆಸ್ಪತ್ರೆಯ ಮಾತು. ಅದಕ್ಕೂ ಕನ್ನಡನಾಡಿಗೂ ಇರುವ ನಂಟು ನಮ್ಮಲ್ಲಿ ಅನೇಕರಿಗೆ ತಿಳಿಯದು. ಜಮಶೇಟಜಿ ಟಾಟಾ ಅವರ ಹಿರಿಯ ಮಗ ದೊರಾಬ್ಜಿಯವರ ಪತ್ನಿ ಮೆಹರಬಾಯಿ ಬೆಳೆದುದು ಬೆಂಗಳೂರು, ಮೈಸೂರುಗಳಲ್ಲಿ. ಆಕೆಯ ತಂದೆ ಎಚ್. ಜೆ. ಭಾಭಾ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. 1898ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದ ಮೆಹರಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ದೇಶದ ಶ್ರೀಮಂತ ಮನೆತನಗಳಲ್ಲೊಂದರ ಸೊಸೆ; ಆದರೂ ಆ ರೋಗವನ್ನು ನಿಲ್ಲಿಸಬಲ್ಲ ಔಷಧ ಆಗ ಯಾವ ದೇಶದಲ್ಲಿಯೂ ಇರಲಿಲ್ಲ. ಮರುವರ್ಷವೇ ದೊರಾಬ್ಜಿಯವರೂ ಕಣ್ಮುಚ್ಚಿದರು. ಆಕೆಯ ಹೆಸರಿನಲ್ಲಿ ರಕ್ತದ ಕ್ಯಾನ್ಸರಿನ ಸಂಶೋಧನೆಗೆಂದು 1932ರಲ್ಲಿ ಒಂದು ನಿಧಿ ಏರ್ಪಟ್ಟಿತು. ದೊರಾಬ್ಜಿಯವರ ಹೆಸರಿನ ಟ್ರಸ್ಟು 1941ರ ಫೆಬ್ರುವರಿ 28ರಂದು ಪರೇಲಿನ ಆಸ್ಪತ್ರೆಯನ್ನು ತೆರೆಯಿತು. 1957ರಲ್ಲಿ ಅದು ಕೇಂದ್ರ ಆರೋಗ್ಯ ಇಲಾಖೆಯ ಕೈಗೆ, 1962ರಲ್ಲಿ ಅಣುಶಕ್ತಿ ಇಲಾಖೆಯ ಕೈಗೆ ಬಂತು. ಆಗ ಅಣುಶಕ್ತಿ ಇಲಾಖೆಯ ಮುಖ್ಯಸ್ಥರಾಗಿದ್ದ ಡಾ. ಹೋಮಿ ಭಾಭಾ ಅವರು ಮೆಹರಬಾಯಿಯವರ ಸೋದರನ ಮಗ.

ಮೆಹರಬಾಯಿಗೆ ದೊರೆಯದ ಔಷಧ ಮಕ್ಕಳಿಗೆ ದೊರೆತ ಕಥೆಯೂ ಪರೇಲನ್ನು ಹಾದುಹೋಗುತ್ತದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದರು. ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಬಸುರಿಯರಾದಾಗ ರಕ್ತವೆಲ್ಲ ಬತ್ತಿದಂತೆ ಬಿಳಚಿಕೊಂಡು ಸಾಯುತ್ತಿದ್ದರು. ಪರೇಲಿನ ಹಾಫ್ಕಿನ್ ಸಂಸ್ಥೆಯ ಆಶ್ರಯದಲ್ಲಿ ಅದರ ಕಾರಣವನ್ನು ಹುಡುಕುತ್ತ ಹೋದ ಆಕೆ, ಯೀಸ್ಟಿನಿಂದ ಮಾಡಿದ ಅಗ್ಗದ ಮಾರ್ಮೈಟ್ ತಿನ್ನಿಸಿದರೆ ಆ ಹೆಂಗಸರು ಚೇತರಿಸಿಕೊಳ್ಳುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಸತ್ವವೇ ಇಂದು ಬಸುರಿಯರಿಗೆಲ್ಲ ಕೊಡುವ ಫೋಲಿಕ್ ಆಮ್ಲ. ರಕ್ತ ಬೆಳೆಯಲು ಈ ಸತ್ವ ಬೇಕೆಂದಾದರೆ, ಹುಚ್ಚೆದ್ದು ಬೆಳೆಯುವ ಕೆಟ್ಟ ರಕ್ತಕಣಗಳಿಗೆ ಇದು ದಕ್ಕದಂತೆ ಮಾಡಬಹುದಲ್ಲವೆ? ಅಮೆರಿಕೆಯಲ್ಲಿ ನೆಲೆಸಿದ್ದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಂಥ ಔಷಧಗಳನ್ನು ತಯಾರಿಸಿತು. ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅವರು ಅವುಗಳಲ್ಲೊಂದನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು, ರೋಗ ಕೆಲಕಾಲವಾದರೂ ಹಿಂಜರಿದುದನ್ನು 1948ರಲ್ಲಿ ವರದಿ ಮಾಡಿದರು. ಅದೇ ಕುಲದ ಮೆಥೊಟ್ರೆಕ್ಸೇಟ್ ಈಗಲೂ ಆ ಮಕ್ಕಳ ಔಷಧಗಳಲ್ಲೊಂದು. ಇನ್ನೊಂದು ಔಷಧ ವಿನ್‌ಕ್ರಿಸ್ಟಿನ್. ಅದು ನಮ್ಮ ಮನೆಯಂಗಳದ ಕಾಶಿಕಣಗಿಲೆಯಿಂದ ಬಂದದ್ದು. ಕಲೀನಾದ ಕಂಪೌಂಡು ಗೋಡೆಗಳ ಬದಿಯಲ್ಲಿ ಯಾರೂ ನೀರೆರೆಯದಿದ್ದರೂ ಹೂಬಿಡುವ ಗಿಡ ಅದೇ. ಆದರೆ ಮನೆಯಲ್ಲಿ ಅದರ ಕಷಾಯ ಮಾಡಿ ಕುಡಿಸಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇವೆ. ಗಿಡದಲ್ಲಿ ವಿಷವೂ ಇದೆ.

ಮುಂಬಯಿಗೆ ಕನ್ನಡದ ಮಕ್ಕಳು ಬರುವುದೇಕೆಂದು ಕೇಳಬಹುದು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸ್ಮಾರಕ ಸಂಸ್ಥೆಯಿದೆ. ಅಲ್ಲಿಯೂ ಮಕ್ಕಳಿಗೆ ಚಿಕಿತ್ಸೆ ನಡೆಯುತ್ತದೆ. ಆದರೆ ಕಲಬುರಗಿ, ವಿಜಯಪುರಗಳ ಕಡೆಯವರಿಗೆ ಮುಂಬಯಿ ಹಿಂದಿನಿಂದಲೂ ಪರಿಚಯದ ದಾರಿ. ರಾತ್ರಿ ಗಾಡಿ ಹತ್ತಿದರೆ ಬೆಳಗಾಗುವಾಗ ದಾದರ್. ಸೋಲಾಪುರದ ಆಚೆಗೆ ಎಂದೂ ಹೋಗದವರು ಕೂಡ, ಮಗುವಿನ ಜ್ವರ ಇಳಿಯದಾಗ, ಯಾರೋ ಹೇಳಿದ ‘ಟಾಟಾ’ ಎಂಬ ಎರಡಕ್ಷರವನ್ನು ನೆಚ್ಚಿ ಇಲ್ಲಿ ಬಂದಿಳಿಯುತ್ತಾರೆ.

ಬಾಗಿಲಲ್ಲಿ ನಿಂತುಹೋದ ದೀಪಾವಳಿ

ನಾವು ಮೊದಲು ಹೋದದ್ದು ಒಂದು ದೀಪಾವಳಿಯ ಮುನ್ನಾದಿನ. ಇಪ್ಪತ್ತಮೂರು ಜನರಿದ್ದೆವು. ಡಬ್ಬಿಗಟ್ಟಲೆ ಮೈಸೂರುಪಾಕು, ಚೆಂಡುಹೂವಿನ ಮಾಲೆಗಳು, ಆಟಿಕೆಯ ಚೀಲಗಳು. ಅವುಗಳ ಜೊತೆಗೆ ಫೋಟೋ ತೆಗೆಯುವವರು ಬೇರೆ. ವಸತಿಗೃಹದ ಮೇಲ್ವಿಚಾರಕಿ ಬಾಗಿಲಲ್ಲಿಯೇ ನಮ್ಮನ್ನು ತಡೆದರು. ಕೋಪದಿಂದಲ್ಲ, ಹೀಗೆ ಬರುವವರನ್ನು ಕಂಡು ಅಭ್ಯಾಸವಾದ ಒಂದು ದಣಿವಿನಿಂದ. “ಹೂವು ಒಳಗೆ ಬರುವಂತಿಲ್ಲ. ಹೊರಗಿನ ತಿಂಡಿ ಬೇಡ. ನೆಗಡಿ ಕೆಮ್ಮು ಇರುವವರು ಇಲ್ಲಿಯೇ ನಿಲ್ಲಬೇಕು. ಮಕ್ಕಳ ಫೋಟೋ ತೆಗೆಯಬೇಡಿ.” ಕಡೆಗೆ ಒಳಗೆ ಹೋದವರು ಐದು ಮಂದಿ.

ಮನಸ್ಸಿಗೆ ನೋವಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಕಾರಣ ತಿಳಿದ ಮೇಲೆ ನಾಚಿಕೆಯಾಯಿತು. ಕ್ಯಾನ್ಸರಿನ ಕಣಗಳನ್ನು ಕೊಲ್ಲುವ ಔಷಧ ದೇಹವನ್ನು ಕಾಯುವ ಬಿಳಿಯ ರಕ್ತಕಣಗಳನ್ನೂ ತಗ್ಗಿಸುತ್ತದೆ. ಆಗ ಮಗುವಿನ ದೇಹ ಕದವಿಲ್ಲದ ಮನೆಯಂತೆ. ನಮಗೆ ಎರಡು ದಿನದ ನೆಗಡಿಯಾದುದು ಆ ಮಗುವಿಗೆ ಆಸ್ಪತ್ರೆಯ ಹಾಸಿಗೆಯಾದೀತು. ಸೀತಾಳೆ ಸಿಡುಬು ತಗಲಿದರಂತೂ ಪ್ರಾಣಕ್ಕೇ ಅಪಾಯ. ಹೂವಿನ ಮೇಲೂ, ನಿಂತ ನೀರಿನಲ್ಲೂ, ತೆರೆದಿಟ್ಟ ತಿಂಡಿಯ ಮೇಲೂ ಕಣ್ಣಿಗೆ ಕಾಣದ ಕ್ರಿಮಿಗಳಿರುತ್ತವೆ. ಬಿಸಿಬಿಸಿಯಾಗಿ ಬೇಯಿಸಿದ ಮನೆಯೂಟ, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆ, ಇವೇ ಆ ಮಕ್ಕಳಿಗೆ ಹಬ್ಬ.

ಒಳಗೆ ಹೋದ ಐವರನ್ನು ಎಂಟು ವರ್ಷದ ಒಬ್ಬ ಹುಡುಗ ನಿರಾಳವಾಗಿ ನೋಡಿ ಕೇಳಿದ: “ಮುಂದಿನ ವಾರ ನೀವ ಬರ್ತೀರೋ, ಬ್ಯಾರೆದವ್ರು ಬರ್ತಾರೋ?” ಅವನ ಪಾಲಿಗೆ ಬಂದುಹೋಗುವವರು ಒಂದು ತರಹದ ಹವಾಮಾನವಾಗಿದ್ದರು. ಪ್ರತಿ ವಾರ ಹೊಸ ಮುಖ, ಹೊಸ ಚಾಕೊಲೇಟು, ಅದೇ ಪ್ರಶ್ನೆ: “ನಿನ್ನ ಹೆಸರೇನು ಪುಟ್ಟಾ?” ಹಿಂತಿರುಗುವ ಗಾಡಿಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಸಾಂತಾಕ್ರೂಜ್ ಬಂದಾಗ ಬ್ಯಾಂಕಿನವರು, “ಇನ್ನು ಬಂದರೆ ನಾವೇ ಬರಬೇಕು, ಇಲ್ಲದಿದ್ದರೆ ಬರಲೇಬಾರದು” ಎಂದರು. ನಮ್ಮ ಗುಂಪು ಹುಟ್ಟಿದ್ದು ಹಾಗೆ.

ನಾವು ಕೇಳದೆಹೋದ ಮಾತು

ಮೊದಲ ಕೆಲವು ತಿಂಗಳು ನಾವು ಮಕ್ಕಳೊಡನೆ ಆಡಿದೆವು. ಬಣ್ಣದ ಪೆನ್ಸಿಲು, ಕಥೆ, ಒಗಟು. ಮೇಷ್ಟ್ರು ಉಡುಪಿಯಿಂದ ಚೆನ್ನೆಮಣೆ ತಂದರು. ವಿಜಯಪುರದ ಮಕ್ಕಳು ಅದನ್ನು ಎರಡು ಆಟದಲ್ಲಿ ಕಲಿತು ಮೂರನೆಯದರಲ್ಲಿ ಅವರನ್ನೇ ಸೋಲಿಸಿದರು. ಅದಕ್ಕೆ ಪ್ರತಿಯಾಗಿ ಅವರು ನಮಗೆ ತಮ್ಮೂರಿನ ಚೌಕಾಬಾರದ ನಿಯಮಗಳನ್ನು ಹೇಳಿಕೊಟ್ಟರು. ಊರಿಗೊಂದು ನಿಯಮವಾದ್ದರಿಂದ ಜಗಳಕ್ಕೆ ಕೊರತೆಯಿರಲಿಲ್ಲ. ಕವಡೆಗಳನ್ನು ಸೋಪಿನ ನೀರಿನಲ್ಲಿ ತೊಳೆದಿಡುವುದು ಕಾಲೇಜಿನ ಹುಡುಗರ ಕೆಲಸ. ಎಲ್ಲವೂ ಚೆನ್ನಾಗಿ ನಡೆಯುತ್ತಿದೆಯೆಂದೇ ಭಾವಿಸಿದ್ದೆವು.

ಆಗ ವಿಜಯಪುರದ ಕಡೆಯ ಒಬ್ಬ ಹುಡುಗಿಯಿದ್ದಳು. ಆರು ವರ್ಷದವಳು, ಚಿತ್ರ ಬರೆಯುವುದರಲ್ಲಿ ಬಹಳ ಚುರುಕು. ಅವಳ ತಾಯಿ ಗೋಡೆಗೆ ಒರಗಿ ಕುಳಿತು ನಮ್ಮ ಆಟವನ್ನು ನೋಡುತ್ತಿದ್ದಳು. ನಾವು ನಕ್ಕರೆ ಅವಳೂ ನಗುತ್ತಿದ್ದಳು. “ಹೇಗಿದ್ದೀರಮ್ಮಾ?” ಎಂದರೆ “ಆರಾಮ ಅದೀನ್ರಿ” ಎನ್ನುತ್ತಿದ್ದಳು. ನಾವು ಅಷ್ಟಕ್ಕೇ ತೃಪ್ತರಾಗಿದ್ದೆವು. ಒಂದು ಶನಿವಾರ ಅವರ ಹಾಸಿಗೆ ಖಾಲಿಯಿತ್ತು. “ಊರಿಗೆ ಹೋದರು, ಬರುತ್ತಾರೆ” ಎಂದರು ಪಕ್ಕದವರು. ಅವರು ಕೊಟ್ಟಿದ್ದ ಫೋನಿಗೆ ಉತ್ತರ ಬರಲಿಲ್ಲ. ಐದು ತಿಂಗಳಾದ ಮೇಲೆ ಅವರು ಮತ್ತೆ ಬಂದಾಗ ರೋಗವೂ ಮರಳಿ ಬಂದಿತ್ತು, ಮೊದಲಿಗಿಂತ ಬಲವಾಗಿ. ಆ ಹುಡುಗಿ ಉಳಿಯಲಿಲ್ಲ.

ವೈದ್ಯರು ಹೇಳಿರಲಿಲ್ಲವೆಂದಲ್ಲ, ಸಾವಧಾನವಾಗಿ ಹೇಳಿದ್ದರು. ತಾಯಿ ತಲೆಯಾಡಿಸಿದ್ದಳು. ಅವಳು ತಲೆಯಾಡಿಸಿದ್ದು ಅರ್ಥವಾದುದಕ್ಕಲ್ಲ, ದೊಡ್ಡವರೆದುರು ಆಡುವ ಮರ್ಯಾದೆಗೆಂದು ತಿಳಿಯಬಲ್ಲ ಜನ ವಾರಕ್ಕೊಮ್ಮೆ ಅವಳ ಎದುರಿಗೇ ಕುಳಿತು ಹೋಗುತ್ತಿದ್ದರು. ಅವರು ನಾವೇ. ಕನ್ನಡ ಬಲ್ಲವರು ನಾವು, ಅವಳನ್ನು ಒಂದು ದಿನವಾದರೂ ಪಕ್ಕಕ್ಕೆ ಕರೆದು, “ಚಿಕಿತ್ಸೆ ಇನ್ನೆಷ್ಟು ದಿನವಿದೆಯಮ್ಮಾ? ಊರಲ್ಲಿ ಯಾರಿದ್ದಾರೆ? ಖರ್ಚಿಗೇನು ಮಾಡುತ್ತೀರಿ?” ಎಂದು ಕೇಳಿರಲಿಲ್ಲ. ಮಗುವಿನೊಡನೆ ಆಡುವುದು ಸುಲಭ. ತಾಯಿಯ ಪಕ್ಕದಲ್ಲಿ ಕೂಡುವುದಕ್ಕೆ ನಮಗೆ ಧೈರ್ಯವಿರಲಿಲ್ಲ. ನಾವು ಕೇಳಿದ್ದರೆ ಆ ಮಗು ಉಳಿಯುತ್ತಿತ್ತೆಂದು ಹೇಳಲಾರೆವು. ಕೇಳಲಿಲ್ಲವೆಂಬುದನ್ನು ಮಾತ್ರ ಮರೆಯಲಾರೆವು.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿನಲ್ಲಿ ಮೊದಲ ತಿಂಗಳ ಚಿಕಿತ್ಸೆ ಮುಗಿಯುವಷ್ಟರಲ್ಲಿ ಬಹುಪಾಲು ಮಕ್ಕಳ ರಕ್ತ ಸ್ವಚ್ಛವಾಗಿ ಕಾಣುತ್ತದೆ. ಜ್ವರವಿಲ್ಲ, ಹಸಿವಿದೆ, ಮಗು ಓಡಾಡುತ್ತದೆ. ಆದರೆ ಪರೀಕ್ಷೆಗೆ ಸಿಕ್ಕದಷ್ಟು ಕೆಟ್ಟ ಕಣಗಳು ಎಲುಬಿನೊಳಗೆ ಅಡಗಿರುತ್ತವೆ. ಅವುಗಳಿಗಾಗಿ ಇನ್ನೂ ಹಲವು ತಿಂಗಳ ಔಷಧ, ಆಮೇಲೆ ಮನೆಯಲ್ಲಿಯೇ ನುಂಗುವ ಮಾತ್ರೆಗಳು. ಎಲ್ಲ ಸೇರಿ ಎರಡು ವರ್ಷವೋ ಅದಕ್ಕೂ ಹೆಚ್ಚೋ ಆಗುತ್ತದೆ. ಕೈಯಲ್ಲಿ ಕಾಸಿಲ್ಲದ, ಊರಿನಲ್ಲಿ ಇನ್ನೆರಡು ಮಕ್ಕಳನ್ನೂ ಹೊಲವನ್ನೂ ಬಿಟ್ಟುಬಂದ ತಂದೆತಾಯಿಗಳು ಗುಣವಾಯಿತೆಂದು ಗಂಟುಕಟ್ಟುವುದು ಈ ಘಟ್ಟದಲ್ಲಿಯೇ.

ಇದು ನಮ್ಮೊಂದು ವಸತಿಗೃಹದ ಮಾತಲ್ಲ. ಜಗತ್ತಿನಲ್ಲಿ ಪ್ರತಿ ವರ್ಷ 19 ವರ್ಷದವರೆಗಿನ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರು ಕ್ಯಾನ್ಸರಿಗೆ ತುತ್ತಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿರಿವಂತ ದೇಶಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಕ್ಕಳು ಗುಣಹೊಂದಿದರೆ, ಅನೇಕ ಬಡ ದೇಶಗಳಲ್ಲಿ 30 ಮಕ್ಕಳೂ ಗುಣಹೊಂದುವುದಿಲ್ಲ. ರೋಗ ತಡವಾಗಿ ತಿಳಿಯುವುದು, ಔಷಧ ದೊರೆಯದಿರುವುದು ಇದಕ್ಕೆ ಕಾರಣಗಳು. ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಹೋಗುವುದೂ ಅವುಗಳ ಸಾಲಿನಲ್ಲಿಯೇ ಬರುತ್ತದೆ. 2030ರೊಳಗೆ ಎಲ್ಲ ದೇಶಗಳ ಮಕ್ಕಳಲ್ಲಿ ನೂರಕ್ಕೆ 60 ಮಂದಿಯಾದರೂ ಬದುಕುವಂತಾಗಬೇಕೆಂದು ಆ ಸಂಸ್ಥೆ 2018ರಲ್ಲಿ ಗುರಿಯಿಟ್ಟಿತು. ಔಷಧ ತಯಾರಿಸುವುದು ನಮ್ಮ ಕೈಲಾಗದು. ಬಿಟ್ಟುಹೋಗುವವರನ್ನು ಮಾತನಾಡಿಸುವುದು ಆದೀತಷ್ಟೆ?

ಹೊಲದ ಕರಕಿ

ಆ ಹುಡುಗಿ ಹೋದ ಮೇಲೆ ನಾವು ನಮ್ಮ ರೀತಿಯನ್ನು ಬದಲಾಯಿಸಿಕೊಂಡೆವು. ಮೂವರು ಮಕ್ಕಳೊಡನೆ ಆಡುವುದು, ಉಳಿದವರು ದೊಡ್ಡವರೊಡನೆ ಕೂಡುವುದು. ಮೊದಮೊದಲು ನಮ್ಮ ಮಾತೇ ಅವರಿಗೆ ದೂರವಾಗಿತ್ತು. ನಮ್ಮಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿಗಳ ಕಡೆಯವರು. ಮನೆಯಲ್ಲಿ ತುಳು, ಸಭೆಯಲ್ಲಿ ಕನ್ನಡ. ಒಬ್ಬ ಅಜ್ಜಿಯಂತೂ ನಮ್ಮ ಮೇಷ್ಟ್ರ ಮಾತನ್ನು ಬಹಳ ಹೊತ್ತು ಕೇಳಿ, “ಎಪ್ಪಾ, ನಿಂದು ಪುಸ್ತಕದ ಮಾತು. ಹೊಟ್ಟಿ ತುಂಬೂದಿಲ್ಲ. ಒಂದಿಷ್ಟು ರೊಟ್ಟಿ ಮಾತು ಆಡು” ಎಂದುಬಿಟ್ಟಳು. ಮೂವತ್ತು ವರ್ಷ ವ್ಯಾಕರಣ ಕಲಿಸಿದ ಮೇಷ್ಟ್ರು ಅಂದಿನಿಂದ ಅಜ್ಜಿಯ ವಿದ್ಯಾರ್ಥಿಯಾದರು.

ಮರುವರ್ಷದ ಚಳಿಗಾಲದಲ್ಲಿ ಕಲಬುರಗಿ ಕಡೆಯ ಒಬ್ಬ ರೈತ ಏಳು ವರ್ಷದ ಮಗನನ್ನು ಕರೆತಂದಿದ್ದ. ಮೊದಲ ತಿಂಗಳ ಚಿಕಿತ್ಸೆ ಮುಗಿದಿತ್ತು. ಒಂದು ಶನಿವಾರ ನಾವು ಹೋದಾಗ ಆತ ಟ್ರಂಕು ಕಟ್ಟುತ್ತಿದ್ದ. ಊರಿನಲ್ಲಿ ತೊಗರಿ ಕೊಯ್ಲಿಗೆ ಬಂದಿತ್ತು. ಮೇಷ್ಟ್ರು ಪಕ್ಕದಲ್ಲಿ ಕುಳಿತು, “ಡಾಕ್ಟರು ಏನಂದರು? ನನಗೂ ಸ್ವಲ್ಪ ಹೇಳಿ” ಎಂದರು.

“ರಕ್ತ ಸ್ವಚ್ಛ ಆಗ್ಯಾದ ಅಂದ್ರಿ ಸರ.”

“ಮತ್ತೇನಂದರು?”

“ಮತ್ತ ಏನೋ ಅಂದ್ರು. ನಾ ಅಷ್ಟರಾಗ ಖುಷಿ ಆಗಿ ಮುಂದಿಂದು ಕೇಳ್ಲೇ ಇಲ್ರಿ.”

ಮೇಷ್ಟ್ರು ಮೆಲ್ಲಗೆ ‘ಮುಂದಿನದನ್ನು’ ಹೇಳಿದರು. ಸ್ವಚ್ಛವಾಗಿ ಕಾಣುವುದು ಬೇರೆ, ಸ್ವಚ್ಛವಾಗುವುದು ಬೇರೆಯೆಂದರು. ಎಲುಬಿನೊಳಗೆ ಅಡಗಿರುವ ಕಣಗಳ ಮಾತು ತೆಗೆದಾಗ ಆತ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಆಮೇಲೆ ತಾನೇ ಹೇಳಿದ:

“ಹಂಗಾದ್ರ ಇದು ಹೊಲದಾಗಿನ ಕರಕಿ ಇದ್ದಂಗ ಅನ್ರಿ. ಮ್ಯಾಲಿಂದು ಕಿತ್ತೀವಿ, ಹೊಲ ಸ್ವಚ್ಛ ಕಾಣಸ್ತದ. ಬೇರು ಒಳಗ ಉಳದಿದ್ರ ಒಂದ ಮಳಿಗೆ ಮತ್ತ ಎದ್ದು ಬರ್ತದ.”

ನಾವು ಎಷ್ಟು ಪುಸ್ತಕ ಓದಿದ್ದರೂ ಇಷ್ಟು ಚೆನ್ನಾಗಿ ಹೇಳಲಾಗುತ್ತಿರಲಿಲ್ಲ. ಅಂದಿನಿಂದ ಆ ಗರಿಕೆಯ ಮಾತನ್ನೇ ನಾವು ಹೊಸದಾಗಿ ಬಂದ ಪ್ರತಿಯೊಬ್ಬ ರೈತನಿಗೂ ಹೇಳುತ್ತಿದ್ದೇವೆ. ಆತ ಟ್ರಂಕು ಬಿಚ್ಚಿದ. ಆದರೆ ತೊಗರಿ ಕಾಯುವುದಿಲ್ಲವಲ್ಲ! ಬ್ಯಾಂಕಿನವರು ಅವನೊಡನೆ ಕುಳಿತು ಲೆಕ್ಕ ಹಾಕಿದರು. ಆಸ್ಪತ್ರೆಯ ಸಮಾಜಸೇವಾ ವಿಭಾಗದವರನ್ನು ಹೋಗಿ ಕಂಡರು. ಕಡೆಗೆ ತಾಯಿ ಮತ್ತು ಮಗ ಇಲ್ಲಿ ಉಳಿದರು, ತಂದೆ ಕೊಯ್ಲು ಮುಗಿಸಿ ಬಂದ. ವಾಕೋಲದ ಅಕ್ಕಂದಿರು ಆ ಹದಿನೈದು ದಿನ ಸರದಿಯಂತೆ ತಾಯಿಗೆ ಜೊತೆಯಾದರು. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಡಬ್ಬಿಯಲ್ಲಿ ಪೂರ್ತಿ, ಜೊತೆಗೆ ಬರುವ ಒಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿಯಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ. ಅದರ ಫಾರಮು ತುಂಬಿಸಿದವರು ಕಾಲೇಜಿನ ಹುಡುಗರು. ಇದರಲ್ಲಿ ಯಾವುದೂ ದೊಡ್ಡ ಕೆಲಸವಲ್ಲ. ಆದರೆ ಚಿಕಿತ್ಸೆ ತಪ್ಪಲಿಲ್ಲ.

ಭಾಷೆಯ ಋಣ

ನಮ್ಮ ಹಿರಿಯರು ಈ ನಗರಕ್ಕೆ ಹೇಗೆ ಬಂದರೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾದುದಿಲ್ಲ. ಹನ್ನೆರಡು ಹದಿಮೂರು ವರ್ಷದ ಹುಡುಗರು, ಹಿಂದಿಯಿಲ್ಲ, ಮರಾಠಿಯಿಲ್ಲ, ಕೈಯಲ್ಲೊಂದು ಚೀಟಿ. ಊರಿನ ಯಾವನೋ ಒಬ್ಬ ಕೈಹಿಡಿದು ಹೋಟೆಲಿಗೆ ಸೇರಿಸಿದ. ಹಗಲು ಕಪ್ಪುಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಓದಿದರು. ಆ ಕೈ ಸಿಕ್ಕದಿದ್ದರೆ ಇಂದು ಸಾಂತಾಕ್ರೂಜಿನಲ್ಲಿ ನಮಗೆ ಮನೆಯೆಲ್ಲಿ, ಸಂಘವೆಲ್ಲಿ? ಪರೇಲಿನ ಕಾಲುದಾರಿಯಲ್ಲಿ ಕಡತದ ಚೀಲ ಹಿಡಿದು ನಿಂತಿರುವ ತಾಯಿಯ ಕೈಯಲ್ಲಿರುವುದೂ ಅಂಥದೇ ಒಂದು ಚೀಟಿ. ಅದನ್ನು ಓದಿ ಹೇಳುವುದು ಉಪಕಾರವಲ್ಲ, ತೀರಿಸಬೇಕಾದ ಋಣ.

ಅದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ. ಔಷಧದ ಚೀಟಿಯನ್ನು ಕನ್ನಡದಲ್ಲಿ ಬರೆದುಕೊಡುತ್ತೇವೆ. ಓದು ಬಾರದವರಿಗೆ ಸೂರ್ಯ ಚಂದ್ರರ ಚಿತ್ರ ಬರೆದು ಹಗಲು ರಾತ್ರಿಯ ಮಾತ್ರೆಗಳನ್ನು ಗುರುತಿಸುತ್ತೇವೆ. ಜ್ವರ ನೋಡುವ ಥರ್ಮಾಮೀಟರನ್ನು ಓದಲು ಕಲಿಸುತ್ತೇವೆ; ವೈದ್ಯರು ಹೇಳಿದ ಅಂಕಿ ದಾಟಿದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕೆಂದು ಪ್ರತಿ ವಾರವೂ ಹೇಳುತ್ತೇವೆ. ವೈದ್ಯರು ಹೇಳಿದ್ದನ್ನು ಹೇಳುತ್ತೇವೆಯೇ ಹೊರತು ನಮ್ಮದೊಂದು ವೈದ್ಯವನ್ನು ಸೇರಿಸುವುದಿಲ್ಲ. ಮೇಷ್ಟ್ರು ಶಾಲೆ ತಪ್ಪಿದ ಮಕ್ಕಳಿಗೆ ಕರ್ನಾಟಕದ ಪಠ್ಯಪುಸ್ತಕಗಳಿಂದಲೇ ಪಾಠ ಹೇಳುತ್ತಾರೆ. ಊರಿಗೆ ಮರಳಿದಾಗ ತರಗತಿಯಲ್ಲಿ ಹಿಂದೆ ಬೀಳಬಾರದೆಂಬ ಚಿಂತೆ ಮಕ್ಕಳಿಗೆ ನಾವೆಣಿಸಿದ್ದಕ್ಕಿಂತ ಹೆಚ್ಚಾಗಿರುತ್ತದೆ.

ಇನ್ನೊಂದು ಮಾತನ್ನು ತಾಯಂದಿರಿಗೆ ಎಷ್ಟು ಸಲ ಹೇಳಿದರೂ ಸಾಲದು. “ನಾ ಏನ್ ತಪ್ಪ ಮಾಡಿದ್ನೋ ಏನೋ” ಎಂಬ ಕೊರಗು ಎಲ್ಲರಲ್ಲಿಯೂ ಇರುತ್ತದೆ. ನೆಂಟರಿಷ್ಟರು ಬಸುರಿನಲ್ಲಿ ತಿಂದದ್ದನ್ನೂ ಹಿಂದಿನ ಜನ್ಮದ ಕರ್ಮವನ್ನೂ ತೆಗೆದು ಆ ಕೊರಗಿಗೆ ಗೊಬ್ಬರ ಹಾಕುತ್ತಾರೆ. ಮಕ್ಕಳ ಕ್ಯಾನ್ಸರಿನಲ್ಲಿ ಬಹುಪಾಲಿಗೆ ಇಂಥದೇ ಕಾರಣವೆಂದು ತೋರಿಸಲು ಬರುವುದಿಲ್ಲ. ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವೂ ಅಲ್ಲ. ಈ ಎರಡು ಮಾತುಗಳನ್ನು ತಮ್ಮ ಭಾಷೆಯಲ್ಲಿ, ತಮ್ಮ ವಯಸ್ಸಿನ ಹೆಂಗಸಿನ ಬಾಯಿಂದ ಕೇಳಿದಾಗ ಅವರು ಅಳುತ್ತಾರೆ. ವಾಕೋಲದ ಅಕ್ಕ ಆಗ ಏನೂ ಹೇಳದೆ ಪಕ್ಕದಲ್ಲಿ ಕೂತಿರುತ್ತಾರೆ. ಅದೂ ಒಂದು ಕೆಲಸವೆಂದು ನಾವು ಕಲಿತದ್ದು ತಡವಾಗಿ.

ಈ ದಾರಿಯಲ್ಲಿ ನಾವು ಮೊದಲಿಗರೂ ಅಲ್ಲ, ದೊಡ್ಡವರೂ ಅಲ್ಲ. 1951ರಲ್ಲಿ ಇದೇ ನಗರದಲ್ಲಿ ಆರಂಭವಾದ ಇಂಡಿಯನ್ ಕ್ಯಾನ್ಸರ್ ಸೊಸೈಟಿ ಇದೆ. ಚಿಕಿತ್ಸೆಗೆ ಬಂದ ಮಕ್ಕಳಿಗೂ ತಂದೆತಾಯಿಗಳಿಗೂ ಬಿಟ್ಟಿಯಾಗಿ ವಸತಿ ಕೊಡುವ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ 2006ರಲ್ಲಿ ಮುಂಬಯಿಯಲ್ಲಿಯೇ ಹುಟ್ಟಿ ಬೇರೆ ನಗರಗಳಿಗೂ ಹಬ್ಬಿದೆ. ದಾದರಿನ ಗಾಡಗೆ ಮಹಾರಾಜರ ಧರ್ಮಶಾಲೆಯಲ್ಲಿ ದೂರದೂರಿನ ಎಷ್ಟೋ ರೋಗಿಗಳು ತಂಗುತ್ತಾರೆ. ಟಾಟಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿದ ಮಕ್ಕಳನ್ನು ವರ್ಷ ವರ್ಷವೂ ಪರೀಕ್ಷಿಸುವ ಒಂದು ವಿಶೇಷ ಕ್ಲಿನಿಕ್ಕು 1991ರಿಂದ ನಡೆದಿದೆ. ಗುಣಹೊಂದಿ ಬೆಳೆದು ದೊಡ್ಡವರಾದವರೇ 2009ರಲ್ಲಿ ‘ಉಗಮ್’ ಎಂಬ ಗುಂಪು ಕಟ್ಟಿಕೊಂಡು, ಈಗ ಚಿಕಿತ್ಸೆಯಲ್ಲಿರುವವರಿಗೆ ಧೈರ್ಯ ಹೇಳುತ್ತಾರೆ. ಬೋಳುತಲೆಯ ಮಗುವಿನ ಮುಂದೆ, “ನನಗೂ ಹೀಗೆಯೇ ಆಗಿತ್ತು” ಎಂದು ಒಬ್ಬ ತರುಣ ಹೇಳಿದರೆ, ನಮ್ಮ ನೂರು ಸಮಾಧಾನದ ಮಾತು ಅದಕ್ಕೆ ಸರಿಗಟ್ಟಲಾರದು.

ಕಾಲೇಜಿನ ತರುಣರಿಗೆ ಒಂದು ವಿಶೇಷ ಬಿನ್ನಹ. ರಕ್ತಸ್ರಾವವನ್ನು ತಡೆಯುವ ಪ್ಲೇಟ್‌ಲೆಟ್ ಕಣಗಳು ಚಿಕಿತ್ಸೆಯ ಕಾಲದಲ್ಲಿ ಈ ಮಕ್ಕಳಿಗೆ ಪದೇ ಪದೇ ಬೇಕಾಗುತ್ತವೆ. ದಾನವಾಗಿ ಬಂದ ಪ್ಲೇಟ್‌ಲೆಟ್ಟನ್ನು ಸಾಮಾನ್ಯವಾಗಿ 5 ದಿನಗಳಿಗಿಂತ ಹೆಚ್ಚು ಇಡಲು ಬರುವುದಿಲ್ಲ. ಆದುದರಿಂದ ವರ್ಷಕ್ಕೊಂದು ದೊಡ್ಡ ಶಿಬಿರ ಮಾಡಿ ಕೈತೊಳೆದುಕೊಂಡರೆ ಸಾಲದು. ವರ್ಷವಿಡೀ ಒಬ್ಬರಾದ ಮೇಲೊಬ್ಬರು ಹೋಗುತ್ತಿರಬೇಕು. ಯಂತ್ರ ನಿಮ್ಮ ರಕ್ತದಿಂದ ಆ ಕಣಗಳನ್ನಷ್ಟೇ ತೆಗೆದುಕೊಂಡು ಉಳಿದುದನ್ನು ನಿಮಗೇ ಮರಳಿಸುತ್ತದೆ. ಒಂದೂವರೆ ಗಂಟೆಯ ಕೆಲಸ. ಚರ್ಚ್‌ಗೇಟಿಗೆ ಹೋಗಿ ಸಿನಿಮಾ ನೋಡಿ ಬರುವುದಕ್ಕಿಂತ ಕಡಿಮೆ.

ಆ ತೊಗರಿ ಬೆಳೆಯುವ ರೈತನ ಮಗ ಚಿಕಿತ್ಸೆ ಮುಗಿಸಿ ಊರಿಗೆ ಹೋದ. ಈಗ ವರ್ಷಕ್ಕೊಮ್ಮೆ ಪರೀಕ್ಷೆಗೆಂದು ಬರುತ್ತಾನೆ. ಬಂದಾಗಲೆಲ್ಲ ತಂದೆ ಒಂದು ಗಂಟು ತೊಗರಿಬೇಳೆಯನ್ನು ಹೊತ್ತು ತರುತ್ತಾನೆ. ಬೇಡವೆಂದರೆ ಕೇಳುವುದಿಲ್ಲ. ಆ ಬೇಳೆಯ ಸಾರನ್ನು ನಮ್ಮ ಏಳು ಮನೆಗಳಲ್ಲಿಯೂ ಮಾಡುತ್ತೇವೆ. ಕಳೆದ ಸಲ ಬಂದಾಗ ಹುಡುಗ ಚೆನ್ನೆಮಣೆಯ ಮುಂದೆ ಕುಳಿತು ಹೊಸದಾಗಿ ಬಂದ ಒಂದು ಮಗುವಿಗೆ ಆಟ ಕಲಿಸುತ್ತಿದ್ದ. ನಿಯಮದಲ್ಲಿ ತಪ್ಪಿತ್ತು. ಮೇಷ್ಟ್ರು ತಿದ್ದಲು ಹೋಗಲಿಲ್ಲ.

ಆ ಚಿತ್ರ ಬರೆಯುತ್ತಿದ್ದ ಹುಡುಗಿಯ ಒಂದು ಹಾಳೆ ನಮ್ಮಲ್ಲಿದೆ. ರೈಲುಗಾಡಿ, ಅದರ ಕಿಟಕಿಗಳಲ್ಲಿ ಮೂರು ಮುಖಗಳು. ಯಾವ ದಿಕ್ಕಿಗೆ ಹೋಗುವ ಗಾಡಿಯೆಂದು ಅಂದು ನಾವು ಕೇಳಲಿಲ್ಲ.

ನಮ್ಮ ಗುಂಪಿಗೆ ಇನ್ನೂ ನಾಲ್ವರು ಬೇಕು. ಉತ್ತರ ಕರ್ನಾಟಕದ ಮಾತು ಬಲ್ಲವರಾದರೆ ಬಹಳ ಸಂತೋಷ. ಒಂದು ಸಲ ಬಂದು ನೋಡುತ್ತೇವೆನ್ನುವವರು ದಯವಿಟ್ಟು ಬರಬೇಡಿ. ಒಂದು ವರ್ಷ ಬರುತ್ತೇವೆನ್ನುವವರು ಬನ್ನಿ. ಕೈಯಲ್ಲಿ ಏನೂ ತರಬೇಕಾಗಿಲ್ಲ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ, ಸಾಂತಾಕ್ರೂಜ್ ಸ್ಟೇಶನ್ನು, ಪೂರ್ವದ ಕಡೆಯ ಟಿಕೇಟು ಕಿಟಕಿ. ನೆಗಡಿಯಿದ್ದರೆ ಮುಂದಿನ ವಾರ ಬನ್ನಿ.